ತುಟಿಯ ಗುಳ್ಳೆಗೆ ಮಾವಿನಹಣ್ಣನ್ನು ಬೈಯಬೇಡಿ

ಕಳೆದ ತಿಂಗಳು ಪುಣೆಯಿಂದ ಓದುಗರೊಬ್ಬರು ಬರೆದಿದ್ದರು. ಅವರ ಮಗಳ ನಿಶ್ಚಿತಾರ್ಥಕ್ಕೆ ಹತ್ತು ದಿನ ಉಳಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹುಡುಗಿಯ ಮೇಲ್ದುಟಿಯ ಅಂಚಿನಲ್ಲಿ ನೀರುಗುಳ್ಳೆಗಳ ಒಂದು ಪುಟ್ಟ ಗೊಂಚಲು. ಚರ್ಮದ ಡಾಕ್ಟರಿಗೆ ತೋರಿಸಿದರು. ಅವರು ಚೀಟಿಯ ಮೇಲೆ ‘ಹರ್ಪಿಸ್ ಲೇಬಿಯಾಲಿಸ್’ ಎಂದು ಬರೆದು, ಒಂದು ಮಾತ್ರೆ, ಒಂದು ಕ್ರೀಮು ಕೊಟ್ಟು ಕಳಿಸಿದರು. ತಾಯಿ ಆ ಎರಡು ಪದಗಳನ್ನು ಮೊಬೈಲಿನಲ್ಲಿ ಹುಡುಕಿದರು. ಮೊದಲು ಕಣ್ಣಿಗೆ ಬಿದ್ದದ್ದು ಲೈಂಗಿಕ ರೋಗಗಳ ಪಟ್ಟಿ. ಆಮೇಲೆ ಎರಡು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ. ‘ಡಾಕ್ಟ್ರೇ, ಹುಡುಗನ ಮನೆಯವರಿಗೆ ಹೇಳಬೇಕೇ? ಅದಕ್ಕೂ ಮೊದಲು ಮಗಳನ್ನು ಹೇಗೆ ಕೇಳಲಿ?’ ಎಂಬುದು ಅವರ ಪ್ರಶ್ನೆ.

ಅವರಿಗೆ ಅಂದೇ ಉತ್ತರ ಬರೆದೆ. ಮಗಳನ್ನು ಏನೂ ಕೇಳಬೇಡಿ. ಅವಳಿಗೆ ಈ ವೈರಸ್ ತಗಲಿದ್ದು ಬಹುಮಟ್ಟಿಗೆ ಅವಳು ಅಂಬೆಗಾಲಿಡುತ್ತಿದ್ದಾಗಲೋ ಬಾಲವಾಡಿಗೆ ಹೋಗುತ್ತಿದ್ದಾಗಲೋ ಇರಬೇಕು. ಕೊಟ್ಟವರು ಅಜ್ಜಿಯಿರಬಹುದು, ಸೋದರಮಾವ ಇರಬಹುದು, ನೀವೇ ಇರಬಹುದು, ಒಂದು ಮುತ್ತಿನ ಜೊತೆಗೆ. ಹುಡುಗನಿಗೆ ಅವಳೇ ಹೇಳಲಿ, ನೆಗಡಿಯಾಗಿದೆ ಎಂದು ಹೇಳುವಷ್ಟೇ ಸಹಜವಾಗಿ.

ಉತ್ತರ ಇಷ್ಟೇ ಆದರೂ ವಿಷಯ ಇಷ್ಟಕ್ಕೆ ಮುಗಿಯುವುದಿಲ್ಲ. ಈ ಗುಳ್ಳೆಯ ವಿಷಯದಲ್ಲಿ ನಮ್ಮ ಜನ ಹೆದರಬೇಕಾಗಿಲ್ಲದ ಕಡೆ ಹೆದರುತ್ತಾರೆ, ನಿಜವಾಗಿ ಹೆದರಬೇಕಾದ ಕಡೆ ‘ಅಯ್ಯೋ, ಉಷ್ಣ’ ಎಂದು ಸುಮ್ಮನಾಗುತ್ತಾರೆ. ಅದಕ್ಕಾಗಿ ಈ ಬಾರಿ ಪೂರ್ತಿ ಅಂಕಣ ಇದಕ್ಕೇ.

ಕನ್ನಡದಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ ಒಂದು ಹೆಸರಿಲ್ಲ. ಜ್ವರದ ಗುಳ್ಳೆ ಎನ್ನುವವರಿದ್ದಾರೆ, ಉಷ್ಣದ ಗುಳ್ಳೆ ಎನ್ನುವವರಿದ್ದಾರೆ, ರಾತ್ರಿ ಮಲಗಿದಾಗ ತುಟಿಯ ಮೇಲೆ ಜೇಡ ಹರಿದಿದೆ ಎನ್ನುವವರೂ ಇದ್ದಾರೆ. ದೆಹಲಿಯಲ್ಲಿರುವ ನಮ್ಮವರು ಪಕ್ಕದ ಮನೆಯವರ ಬಾಯಲ್ಲೂ ಇದೇ ‘ಮಕಡಿ’ಯ ಕತೆ ಕೇಳಿರುತ್ತಾರೆ. ಇಂಗ್ಲಿಷಿನವರು ಇದನ್ನೇ ಕೋಲ್ಡ್ ಸೋರ್, ಅಂದರೆ ಶೀತದ ಹುಣ್ಣು ಎಂದರು. ನಮಗೆ ಉಷ್ಣವಾಗಿ ಕಂಡದ್ದು ಅವರಿಗೆ ಶೀತವಾಗಿ ಕಂಡಿತು! ಜೇಡವೂ ಕಾರಣವಲ್ಲ, ಉಷ್ಣವೂ ಅಲ್ಲ, ಶೀತವೂ ಅಲ್ಲ. ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಅದರಲ್ಲಿ ಎರಡು ಬಗೆ. ತುಟಿಗೆ ಬರುವುದು ಹೆಚ್ಚಾಗಿ ಒಂದನೆಯದು, ಜನನಾಂಗಕ್ಕೆ ಬರುವುದು ಹೆಚ್ಚಾಗಿ ಎರಡನೆಯದು. ಹುಡುಕಿದ ತಾಯಿಗೆ ಮೊಬೈಲು ಎರಡನ್ನೂ ಬೆರೆಸಿ ತೋರಿಸಿತು, ಅಷ್ಟೆ.

ಹರ್ಪಿಸ್ ಎಂಬ ಪದ ಗ್ರೀಕ್ ಭಾಷೆಯ ‘ತೆವಳು, ಹರಿದಾಡು’ ಎಂಬ ಅರ್ಥದ ಪದದಿಂದ ಬಂದಿದೆ. ನಮ್ಮ ಸರ್ಪ ಶಬ್ದವೂ ಅದೇ ಮೂಲದ ಬಂಧು. ಭಾಷಾಶಾಸ್ತ್ರದಲ್ಲಿ ಈ ಹೋಲಿಕೆ ಚೆಂದ, ಆದರೆ ಮನೆಯಲ್ಲಿ ಗೊಂದಲಕ್ಕೂ ಕಾರಣ. ನಾವು ಸರ್ಪಸುತ್ತು ಎನ್ನುವ, ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಏಳುವ, ತುಂಬಾ ಉರಿಯುವ ಗುಳ್ಳೆ ಬೇರೆ. ಅದು ಸಿಡುಬಿನ ತಂಗಿಯಂತಿರುವ ಸೀತಾಳೆ ಸಿಡುಬಿನ, ಅಂದರೆ ಚಿಕನ್ ಪಾಕ್ಸ್‌ನ ವೈರಸ್ ವರ್ಷಗಳ ನಂತರ ಮತ್ತೆ ಎದ್ದು ಮಾಡುವ ಕೆಲಸ. ಹೆಸರಿನಲ್ಲಿ ಎರಡಕ್ಕೂ ಹರ್ಪಿಸ್ ಇದೆ, ವೈರಸ್ ಒಂದೇ ಅಲ್ಲ.

ಎಷ್ಟು ಜನರಿಗೆ ಇದೆ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರ ಮೈಯಲ್ಲಿ ಒಂದನೇ ಬಗೆಯ ಹರ್ಪಿಸ್ ವೈರಸ್ ಇದೆ, ಅಂದರೆ ನೂರಕ್ಕೆ 64 ಜನ. ಆ ನಿಶ್ಚಿತಾರ್ಥಕ್ಕೆ ಇನ್ನೂರು ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಲೋಕದ ಸರಾಸರಿಯನ್ನೇ ಹಿಡಿದರೂ ಊಟದ ಪಂಕ್ತಿಯಲ್ಲಿ ನೂರಕ್ಕೂ ಹೆಚ್ಚು ಜನ ಇದೇ ವೈರಸ್ಸನ್ನು ಹೊತ್ತುಕೊಂಡೇ ಹೋಳಿಗೆ ತಿನ್ನುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಒಂದು ಗುಳ್ಳೆಯೂ ಎದ್ದಿರುವುದಿಲ್ಲ. ಪದೇಪದೇ ತುಟಿ ಗುಳ್ಳೆ ಏಳುವುದು ಐವರಲ್ಲಿ ಒಬ್ಬರಿಗೋ ಇಬ್ಬರಿಗೋ. ಹುಡುಗಿ ಆ ಒಬ್ಬರಲ್ಲಿ ಒಬ್ಬಳಾದಳು ಎನ್ನುವುದೊಂದೇ ವ್ಯತ್ಯಾಸ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಮದುವೆಗೆ ಮುಂಚಿನ ಆರೋಗ್ಯ ಪ್ಯಾಕೇಜು, ಟಾರ್ಚ್ ಪರೀಕ್ಷೆ ಎಂದು ಲ್ಯಾಬುಗಳು ರಕ್ತ ತೆಗೆದು ‘ಹರ್ಪಿಸ್ ಐಜಿಜಿ ಪಾಸಿಟಿವ್’ ಎಂಬ ಕಾಗದ ಕೊಡುತ್ತವೆ. ಅದನ್ನು ಹಿಡಿದು ನಡುಗುತ್ತಾ ಬರುವವರು ನನ್ನಲ್ಲಿಗೂ ಬರುತ್ತಾರೆ. ಆ ಕಾಗದ ಹೇಳುವುದು ಎಂದೋ ಒಮ್ಮೆ ವೈರಸ್ ಮೈ ಹೊಕ್ಕಿತ್ತು ಎಂದಷ್ಟೇ. ಯಾವಾಗ, ಯಾರಿಂದ ಎಂದು ಅದಕ್ಕೆ ಗೊತ್ತಿಲ್ಲ. ಬಹುಸಂಖ್ಯಾತರಿಗೆ ಪಾಸಿಟಿವ್ ಬರುವ ಪರೀಕ್ಷೆಯನ್ನು ಯಾವ ತೊಂದರೆಯೂ ಇಲ್ಲದವರಿಗೆ ಮಾಡಿಸುವುದು ನನ್ನ ಪ್ರಕಾರ ಹಣ ಕೊಟ್ಟು ಭಯ ಕೊಂಡಂತೆ. ತುಟಿಯ ಗುಳ್ಳೆಯನ್ನು ಗುರುತಿಸಲು ಕಣ್ಣೇ ಸಾಕು.

ಈಗ ವೈರಸ್ ಎಲ್ಲಿ ಅಡಗುತ್ತದೆ ಎನ್ನುವುದಕ್ಕೆ ಬರೋಣ. ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲ ಸಲ ಬಾಯಿಯ ಚರ್ಮ ಹೊಕ್ಕ ವೈರಸ್ ಅಲ್ಲಿಯೇ ನಿಲ್ಲುವುದಿಲ್ಲ. ತುಟಿಯ ನರದ ತುದಿಯನ್ನು ಹಿಡಿದು ಒಳಕ್ಕೆ ಸಾಗಿ, ತಲೆಬುರುಡೆಯ ತಳದಲ್ಲಿ ಮುಖದ ನರಗಳೆಲ್ಲ ಒಂದಾಗುವ ಗಂಟಿನಲ್ಲಿ ಮನೆ ಮಾಡುತ್ತದೆ. ಟ್ರೈಜೆಮಿನಲ್ ನರದ ಗಂಟು ಅದು. ಅಲ್ಲಿಂದ ಮೂರು ಕವಲು ಹೊರಡುತ್ತವೆ: ಒಂದು ಹಣೆ ಮತ್ತು ಕಣ್ಣಿಗೆ, ಒಂದು ಮೇಲ್ದವಡೆಗೆ, ಒಂದು ಕೆಳದವಡೆಗೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಹಾರ್ವೆ ಕುಶಿಂಗ್‌ರಂಥ ಶಸ್ತ್ರವೈದ್ಯರು ಮುಖದ ಅಸಹನೀಯ ನರಶೂಲೆಗೆ ಈ ಗಂಟಿನ ಮೇಲೆ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಆ ಮೇಲೆ ರೋಗಿಗಳ ತುಟಿಯಲ್ಲಿ ಗುಳ್ಳೆ ಏಳುವುದನ್ನು ಕಂಡರು. ಚಾಕು ಮುಟ್ಟಿದ್ದು ತಲೆಯ ಒಳಗೆ, ಗುಳ್ಳೆ ಎದ್ದದ್ದು ತುಟಿಯಲ್ಲಿ! ವೈರಸ್ ನರದಲ್ಲೇ ಮಲಗಿರುತ್ತದೆ ಎಂದು ಅರ್ನೆಸ್ಟ್ ಗುಡ್‌ಪಾಶ್ಚರ್ 1929ರಲ್ಲಿ ವಾದಿಸಿದರು. ಇಲಿಗಳ ನರದ ಗಂಟಿನಲ್ಲಿ ಅದು ಅಡಗಿ ಕೂತಿರುವುದನ್ನು ಪ್ರಯೋಗದಲ್ಲಿ ತೋರಿಸಿದ್ದು 1971ರಲ್ಲಿ.

ಹೀಗೆ ಮಲಗಿದ್ದನ್ನು ನಮ್ಮ ರೋಗನಿರೋಧಕ ಶಕ್ತಿಯಿಂದ ಹೊರಹಾಕಲು ಆಗುವುದಿಲ್ಲ, ಯಾವ ಔಷಧಿಯಿಂದಲೂ ಆಗುವುದಿಲ್ಲ. ಕಾವಲು ಸಡಿಲವಾದಾಗ ಅದು ಬಂದ ದಾರಿಯಲ್ಲೇ ಮರಳಿ ತುಟಿಗೆ ಇಳಿಯುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳುವುದು ಇದಕ್ಕೇ. ಜೇಡಕ್ಕೆ ಇಷ್ಟು ನೆನಪಿನ ಶಕ್ತಿ ಇರಲಾರದು.

ಎಬ್ಬಿಸುವ ಸಂಗತಿಗಳು ಎಲ್ಲರಿಗೂ ಒಂದೇ ಅಲ್ಲ. ಜ್ವರ ದೊಡ್ಡ ಕಾರಣ. ಮಲೇರಿಯಾ, ನ್ಯುಮೋನಿಯಾಗಳಲ್ಲಿ ತುಟಿ ಗುಳ್ಳೆ ಏಳುವುದನ್ನು ಹಳೆಯ ವೈದ್ಯರು ಒಂದು ಗುರುತಾಗಿಯೇ ಹಿಡಿಯುತ್ತಿದ್ದರು. ಜ್ವರದ ಗುಳ್ಳೆ ಎಂಬ ಹೆಸರು ಆ ಮಟ್ಟಿಗೆ ಸರಿಯಾದದ್ದೇ. ನಿದ್ದೆಗೇಡು, ಪರೀಕ್ಷೆ, ಕೆಲಸದ ಒತ್ತಡ, ಮುಟ್ಟಿನ ದಿನಗಳು, ಹಲ್ಲಿನ ಡಾಕ್ಟರು ತುಟಿಯನ್ನು ಎಳೆದು ಹಿಡಿದದ್ದು, ಇವೂ ಉಂಟು. ಮದುವೆ ಮನೆಯ ಹುಡುಗಿಗೆ ಸರಿಯಾಗಿ ಅದೇ ವಾರ ಏಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ದೊಡ್ಡ ಕಾರಣ ಬಿಸಿಲು, ಅದರ ಅತಿನೇರಳೆ ಕಿರಣ. ಇಲ್ಲಿಯೇ ಪಾಪ ಮಾವಿನಹಣ್ಣು ಸಿಕ್ಕಿಬೀಳುವುದು. ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ, ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ನಿದ್ದೆಗೆಡುತ್ತೇವೆ, ಹಗಲೆಲ್ಲ ಬಿಸಿಲಲ್ಲಿ ಮದುವೆ, ಉಪನಯನ, ಜಾತ್ರೆ ಎಂದು ಓಡಾಡುತ್ತೇವೆ, ಜೊತೆಗೆ ಮಾವಿನಹಣ್ಣೂ ತಿನ್ನುತ್ತೇವೆ. ನಾಲ್ಕನೇ ದಿನ ತುಟಿಗೆ ಗುಳ್ಳೆ ಎದ್ದರೆ ಅಪವಾದವೆಲ್ಲ ಹಣ್ಣಿಗೆ. ಮಾವಿನ ತೊಟ್ಟಿನ ಸೊನೆ ತಾಗಿ ತುಟಿ ಸುತ್ತ ಕೆಂಪಾಗಿ, ತುರಿಸಿ, ಗುಳ್ಳೆಯಾಗುವುದು ಉಂಟು, ನಿಜ. ಅದು ಚರ್ಮದ ಅಲರ್ಜಿ. ಸೊನೆ ತಾಗಿದಲ್ಲೆಲ್ಲ ಹರಡಿಕೊಂಡಿರುತ್ತದೆ, ಉರಿಗಿಂತ ತುರಿಕೆ ಹೆಚ್ಚು. ಹರ್ಪಿಸ್ ಗುಳ್ಳೆ ತುಟಿಯಂಚಿನ ಒಂದೇ ಜಾಗದಲ್ಲಿ ಗೊಂಚಲಾಗಿ ಏಳುತ್ತದೆ.

ಬಿಸಿಲಿನಿಂದ ಏಳುವವರಿಗೆ ಸುಲಭದ ಉಪಾಯವಿದೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಇರುವ ಲಿಪ್ ಬಾಮ್ ಹಚ್ಚಿಕೊಂಡು ಹೊರಡುವುದು, ಎರಡು ಗಂಟೆಗೊಮ್ಮೆ, ಊಟವಾದ ಮೇಲೆ ಮತ್ತೆ ಹಚ್ಚುವುದು. ಗಂಡಸರು ನಾಚಬೇಕಾಗಿಲ್ಲ. ದೆಹಲಿಯಿಂದ ಹಿಮಾಲಯದ ಚಾರಣಕ್ಕೆ ಹೋಗುವ ಹುಡುಗರಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಎತ್ತರದಲ್ಲಿ ಚಳಿಯಿದ್ದರೂ ಅತಿನೇರಳೆ ಕಿರಣ ಜೋರು, ಹಿಮದ ಮೇಲೆ ಬಿದ್ದು ಮತ್ತೆ ಮುಖಕ್ಕೇ ಬರುತ್ತದೆ.

ಹರಡುವುದು ಹೇಗೆ? ಗುಳ್ಳೆಯ ನೀರು ಮತ್ತು ಎಂಜಲಿನಿಂದ, ನೇರ ಸ್ಪರ್ಶದಿಂದ. ಲೋಕಲ್ ಟ್ರೈನಿನ ಗರ್ದಿಯಲ್ಲಿ ಎದುರಿಗೆ ನಿಂತವರಿಗೆ ಗುಳ್ಳೆಯಿದೆ ಎಂದು ಮುಖ ತಿರುಗಿಸಬೇಕಾಗಿಲ್ಲ, ಗಾಳಿಯಲ್ಲಿ ಇದು ಹಾರುವುದಿಲ್ಲ. ಮುತ್ತು ಮುಖ್ಯ ದಾರಿ. ಒಂದೇ ಲೋಟ, ಚಮಚ, ಟವೆಲು, ಲಿಪ್‌ಸ್ಟಿಕ್, ರೇಜರುಗಳಿಂದಲೂ ಗುಳ್ಳೆ ಒಸರುವಾಗ ದಾಟಬಹುದು. ನಮ್ಮ ಹಿರಿಯರ ಎಂಜಲಿನ ನಿಯಮ, ಚೊಂಬನ್ನು ತುಟಿಗೆ ಮುಟ್ಟಿಸದೆ ಎತ್ತಿ ಕುಡಿಯುವ ಪದ್ಧತಿ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಆದರೆ ಅದೇ ಹಿರಿಯರು ಮಗುವಿನ ಅನ್ನವನ್ನು ತಮ್ಮ ತುಟಿಗೆ ತಾಗಿಸಿ ಬಿಸಿ ನೋಡಿ ತಿನ್ನಿಸುತ್ತಾರೆ! ಹೊಟೇಲು ಕೆಲಸಕ್ಕೆಂದು, ಹೊಸ ನೌಕರಿಗೆಂದು ಬಂದು ಒಂದೇ ಕೋಣೆಯಲ್ಲಿ ಐದಾರು ಜನ ಇರುವ ನಮ್ಮ ಹುಡುಗರು ಟವೆಲು ಮತ್ತು ರೇಜರು ಮಾತ್ರ ತಮ್ಮತಮ್ಮದೇ ಇಟ್ಟುಕೊಳ್ಳಲಿ, ಇದೊಂದಕ್ಕೇ ಅಲ್ಲ, ಇನ್ನೂ ನಾಲ್ಕು ರೋಗಗಳಿಗೆ ಒಳ್ಳೆಯದು.

ಮುಚ್ಚುಮರೆಯಿಲ್ಲದೆ ಹೇಳಬೇಕಾದದ್ದು ಇನ್ನೊಂದಿದೆ. ತುಟಿಯ ಗುಳ್ಳೆ ಇರುವಾಗ ಬಾಯಿಯಿಂದ ಮಾಡುವ ಸಂಭೋಗದಲ್ಲಿ ಇದೇ ಒಂದನೇ ಬಗೆಯ ವೈರಸ್ ಸಂಗಾತಿಯ ಜನನಾಂಗಕ್ಕೆ ದಾಟುತ್ತದೆ. ಗಂಡಹೆಂಡಿರ ನಡುವೆಯೇ ಹೀಗಾಗಿ, ಒಬ್ಬರ ಮೇಲೊಬ್ಬರು ಅನುಮಾನಪಟ್ಟು ಬಂದದ್ದನ್ನು ಕಂಡಿದ್ದೇನೆ. ಮೂರನೆಯವರು ಯಾರೂ ಇರಲಿಲ್ಲ, ತುಟಿಯ ಮೇಲಿನ ಒಣಗದ ಗುಳ್ಳೆಯೊಂದೇ ಇತ್ತು. ಗುಳ್ಳೆಯ ಮುನ್ಸೂಚನೆ ಕಂಡಲ್ಲಿಂದ ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೆ ಮುತ್ತು ಮತ್ತು ಇದು ಎರಡೂ ಬೇಡ. ಗುಳ್ಳೆಯಿಲ್ಲದ ದಿನಗಳಲ್ಲೂ ಆಗೊಮ್ಮೆ ಈಗೊಮ್ಮೆ ಎಂಜಲಿನಲ್ಲಿ ವೈರಸ್ ಇರುತ್ತದೆ, ಆದರೆ ಅದಕ್ಕೆ ಹೆದರಿ ಬದುಕಲು ಆಗುವುದಿಲ್ಲ.

ಚಿಕಿತ್ಸೆಗೆ ಬರೋಣ. ಗುಳ್ಳೆ ಕಾಣುವ ಮೊದಲೇ, ಕೆಲವು ಗಂಟೆಗಳಿಂದ ಒಂದು ದಿನದಷ್ಟು ಮುಂಚೆ, ಆ ಜಾಗ ಜುಮುಗುಟ್ಟುತ್ತದೆ, ಉರಿಯುತ್ತದೆ, ಬಿಗಿದಂತಾಗುತ್ತದೆ. ಪದೇಪದೇ ಬರುವವರಿಗೆ ಆ ಸೂಚನೆ ಚೆನ್ನಾಗಿ ಗೊತ್ತು. ಔಷಧಿಯ ಹೊತ್ತು ಅದೇ. ಗುಳ್ಳೆ ಎದ್ದು ಒಡೆದು ಹಕ್ಕಳೆಗಟ್ಟಿದ ಮೇಲೆ ಯಾವ ಔಷಧಿಯೂ ಹೆಚ್ಚು ಮಾಡುವುದಿಲ್ಲ, ಏಕೆಂದರೆ ವೈರಸ್ಸಿನ ಸಂತಾನವೃದ್ಧಿ ಆಗಲೇ ಮುಗಿದಿರುತ್ತದೆ. ಜನ ಡಾಕ್ಟರಲ್ಲಿಗೆ ಬರುವುದು ಮಾತ್ರ ಹಕ್ಕಳೆಗಟ್ಟಿದ ಮೇಲೆಯೇ!

ಔಷಧಿಯ ಹೆಸರು ಏಸೈಕ್ಲೊವಿರ್. ಅಮೆರಿಕದ ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಯ ಪ್ರಯೋಗಾಲಯದ ಕೊಡುಗೆ ಅದು. 1988ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅದರ ಜಾಣ್ಮೆ ನೋಡಿ: ನುಂಗಿದ ಔಷಧಿ ಮೈಯೆಲ್ಲ ಸುತ್ತುತ್ತದೆ, ಆದರೆ ವೈರಸ್ ಹೊಕ್ಕ ಜೀವಕೋಶದಲ್ಲಿ ಮಾತ್ರ, ವೈರಸ್ಸಿನದೇ ಒಂದು ಕಿಣ್ವದಿಂದ ಎಚ್ಚರಗೊಂಡು ಕೆಲಸ ಶುರುಮಾಡುತ್ತದೆ. ಕಳ್ಳನ ಕೈಯಲ್ಲೇ ಬೇಡಿ ತೊಡಿಸಿದಂತೆ. ಹಾಗಾಗಿ ಆರೋಗ್ಯವಂತರಿಗೆ ಇದರಿಂದ ಅಡ್ಡಪರಿಣಾಮ ಕಡಿಮೆ.

ಇದರ ಕ್ರೀಮನ್ನು ಜುಮುಗುಟ್ಟಿದ ಕೂಡಲೇ ದಿನಕ್ಕೆ ಐದು ಸಲ, ನಾಲ್ಕೈದು ದಿನ ಹಚ್ಚುವುದು. ಪ್ರಾಮಾಣಿಕವಾಗಿ ಹೇಳುವುದಾದರೆ ಅದರಿಂದ ಲಾಭ ಹೆಚ್ಚೆಂದರೆ ಅರ್ಧ ದಿನ, ಒಂದು ದಿನ. ಮಾತ್ರೆ ವಾಸಿ. ಏಸೈಕ್ಲೊವಿರ್‌ನ ತಮ್ಮನಂತಿರುವ ವಲಾಸೈಕ್ಲೊವಿರ್ ಹೊಟ್ಟೆಯಲ್ಲಿ ಚೆನ್ನಾಗಿ ಇಳಿಯುತ್ತದೆ. ದೊಡ್ಡವರಿಗೆ 2 ಗ್ರಾಂ, 12 ಗಂಟೆ ಬಿಟ್ಟು ಇನ್ನೊಮ್ಮೆ 2 ಗ್ರಾಂ, ಅಷ್ಟಕ್ಕೇ ಮುಗಿಯಿತು. ಇದೂ ಸುಮಾರು ಒಂದು ದಿನ ಉಳಿಸುತ್ತದೆ. ಏಳೆಂಟು ದಿನದ ಕಷ್ಟದಲ್ಲಿ ಒಂದು ದಿನ ಕಡಿಮೆ ಎಂದರೆ ಕೆಲವರಿಗೆ ದೊಡ್ಡದು, ಕೆಲವರಿಗೆ ಏನೂ ಅಲ್ಲ. ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಬರುವವರು ಏನೂ ಮಾಡದೆ ಸುಮ್ಮನಿದ್ದರೂ ಗುಳ್ಳೆ ಹತ್ತು ದಿನದೊಳಗೆ ಕಲೆಯಿಲ್ಲದೆ ಮಾಯುತ್ತದೆ. ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಬರುವವರಿಗೆ ಕೆಲವು ತಿಂಗಳು ದಿನಾ ಸಣ್ಣ ಪ್ರಮಾಣದಲ್ಲಿ ಮಾತ್ರೆ ಕೊಡುವ ಕ್ರಮವೂ ಇದೆ. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ಬದಲಾಗುತ್ತದೆ, ಆದ್ದರಿಂದ ಒಮ್ಮೆ ನಿಮ್ಮ ಡಾಕ್ಟರಿಂದ ಚೀಟಿ ಬರೆಸಿಕೊಂಡು ಮಾತ್ರೆ ಮನೆಯಲ್ಲಿ ಇಟ್ಟುಕೊಳ್ಳಿ. ಊರಿಗೆ ಹೊರಡುವಾಗ ಚೀಲದಲ್ಲೂ ಇರಲಿ. ರಾತ್ರಿ ಹನ್ನೊಂದಕ್ಕೆ ತುಟಿ ಜುಮುಗುಟ್ಟಿದರೆ ಡಾಕ್ಟರು ಎಲ್ಲಿ ಸಿಗುತ್ತಾರೆ?

ಮನೆಮದ್ದಿನ ವಿಷಯದಲ್ಲಿ ನಾನು ಜಗಳಗಂಟನಲ್ಲ. ತುಪ್ಪ, ತೆಂಗಿನೆಣ್ಣೆ, ವ್ಯಾಸಲೀನ್ ಹಚ್ಚಿ, ಹಕ್ಕಳೆ ಬಿರಿಯದೆ ನೋವು ಕಡಿಮೆಯಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಒತ್ತಿ. ಆದರೆ ಗುಳ್ಳೆ ಮುಟ್ಟಿದ ಬೆರಳನ್ನು ಮನೆಮಂದಿಯ ತುಪ್ಪದ ಡಬ್ಬಿಗೆ ಅದ್ದಬೇಡಿ, ಬೇಕಾದಷ್ಟನ್ನು ಬೇರೆ ತೆಗೆದಿಟ್ಟುಕೊಳ್ಳಿ. ಸುಣ್ಣ ಮತ್ತು ಟೂತ್‌ಪೇಸ್ಟ್ ಬೇಡವೇ ಬೇಡ, ಚರ್ಮ ಸುಡುತ್ತದೆ. ಗುಳ್ಳೆ ಹಿಸುಕಬೇಡಿ. ಆ್ಯಂಟಿಬಯಾಟಿಕ್ ಮಾತ್ರೆ ವೈರಸ್ಸಿಗೆ ಏನೂ ಮಾಡುವುದಿಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಆ ಮೂರು ನಾಲ್ಕು ಔಷಧಿ ಬೆರೆಸಿದ ಕ್ರೀಮುಗಳ ಮೇಲೆ. ಹುಳುಕಡ್ಡಿಗೂ ಅದೇ, ಮೊಡವೆಗೂ ಅದೇ, ತುಟಿ ಗುಳ್ಳೆಗೂ ಅದೇ. ಅದರಲ್ಲಿರುವ ಸ್ಟಿರಾಯ್ಡ್ ಎರಡು ದಿನ ಉರಿ, ಕೆಂಪು ಇಳಿಸುತ್ತದೆ, ‘ಒಳ್ಳೇ ಕ್ರೀಮು’ ಎಂಬ ಹೆಸರೂ ಬರುತ್ತದೆ. ಅದು ಮಾಡಿದ್ದು ಮಾತ್ರ ಆ ಜಾಗದ ಕಾವಲುಗಾರರನ್ನು ಮಲಗಿಸಿದ್ದು. ವೈರಸ್ಸಿಗೆ ಇನ್ನೇನು ಬೇಕು!

ತುಟಿಯ ಹುಣ್ಣೆಲ್ಲ ಇದೇ ಅಲ್ಲ ಎನ್ನುವುದನ್ನೂ ಬೇಗ ಹೇಳಿಬಿಡುತ್ತೇನೆ. ಬಾಯಿಯ ಒಳಗೆ, ಕೆನ್ನೆಯ ಒಳಬದಿಗೆ ಏಳುವ ಬಿಳಿ ಹುಣ್ಣು ವೈರಸ್ಸಿನದಲ್ಲ, ಅಂಟುವುದೂ ಇಲ್ಲ. ಕಟಬಾಯಿ ಎರಡೂ ಬದಿ ಸೀಳಿದ್ದರೆ ರಕ್ತಹೀನತೆ, ಬಿ ವಿಟಮಿನ್ ಕೊರತೆ, ಸಕ್ಕರೆ ಕಾಯಿಲೆಗಳನ್ನು ನೋಡಬೇಕು. ಬಿ ಕಾಂಪ್ಲೆಕ್ಸ್ ಮಾತ್ರೆಯ ಜಾಗ ಅಲ್ಲಿ, ಹರ್ಪಿಸ್ ಗುಳ್ಳೆಗೆ ಅದರಿಂದ ಪ್ರಯೋಜನವಿಲ್ಲ. ತಂಬಾಕು, ಗುಟ್ಕಾ ಹಾಕುವವರ ತುಟಿಯಲ್ಲೋ ಬಾಯಲ್ಲೋ ಎರಡು ಮೂರು ವಾರವಾದರೂ ಮಾಯದ ಹುಣ್ಣನ್ನು ಉಷ್ಣ ಎಂದು ಬಿಡಬೇಡಿ, ಕ್ಯಾನ್ಸರ್ ಅಲ್ಲವೆಂದು ಖಾತ್ರಿಯಾಗಬೇಕು.

ಚಿಕ್ಕ ಮಕ್ಕಳಿಗೆ ಮೊದಲ ಸಲ ತಗಲಿದಾಗ ಕತೆ ಬೇರೆ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರಿಗೆ, ಆರು ತಿಂಗಳಿಂದ ಐದು ವರ್ಷದೊಳಗೆ, ಜೋರು ಜ್ವರ ಬಂದು ವಸಡು ಊದಿ ಬಾಯಿತುಂಬ ಹುಣ್ಣಾಗುತ್ತದೆ. ಹಲ್ಲು ಬರುವ ಜ್ವರ ಎಂದುಕೊಳ್ಳುತ್ತಾರೆ. ಮಗು ಜೊಲ್ಲು ಸುರಿಸುತ್ತಾ ನೀರನ್ನೂ ನುಂಗುವುದಿಲ್ಲ, ಅಪಾಯ ಅಲ್ಲಿದೆ. ತಣ್ಣನೆಯ ಹಾಲು, ಎಳನೀರು, ಐಸ್‌ಕ್ರೀಮು, ಏನು ಇಳಿಯುತ್ತದೋ ಅದನ್ನು ಚಮಚ ಚಮಚವಾಗಿ ಕೊಡಿ. ಮೊದಲ ಮೂರು ದಿನದೊಳಗೆ ಮಕ್ಕಳ ಡಾಕ್ಟರಿಗೆ ತೋರಿಸಿದರೆ ಏಸೈಕ್ಲೊವಿರ್ ಉಪಯೋಗವಾಗುತ್ತದೆ. ಎಂಟು ಗಂಟೆ ಮೂತ್ರ ಮಾಡದಿದ್ದರೆ ಕಾಯಬೇಡಿ.

ಇನ್ನು ನಿಜವಾಗಿ ಹೆದರಬೇಕಾದ ಜಾಗಕ್ಕೆ ಬರುತ್ತೇನೆ.

ಹುಟ್ಟಿ ಒಂದೂವರೆ ತಿಂಗಳಾಗದ ಕೂಸಿಗೆ ಈ ವೈರಸ್ ತಗಲಿದರೆ ಅದು ತುಟಿಯಲ್ಲಿ ನಿಲ್ಲುವುದಿಲ್ಲ. ರಕ್ತಕ್ಕೆ, ಯಕೃತ್ತಿಗೆ, ಮಿದುಳಿಗೆ ಇಳಿಯುತ್ತದೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಎರವಾಗಬಹುದು, ಬದುಕಿದರೂ ಮಿದುಳಿಗೆ ಪೆಟ್ಟಾಗಿರಬಹುದು. ಇದು ಅಪರೂಪ. ಆದರೆ ತಡೆಯಲು ಬೇಕಾದದ್ದು ತೀರಾ ಚಿಕ್ಕದು: ತುಟಿಯಲ್ಲಿ ಗುಳ್ಳೆ ಇರುವವರು ಕೂಸಿಗೆ ಮುತ್ತು ಕೊಡಬಾರದು. ಅಷ್ಟೆ.

ಹೇಳುವುದು ಸುಲಭ, ನಡೆಯುವುದು ಕಷ್ಟ ಎಂದು ನನಗೂ ಗೊತ್ತು. ಡೊಂಬಿವಲಿಯದೋ ಚೆಂಬೂರಿನದೋ ಎರಡು ಕೋಣೆಯ ಫ್ಲಾಟಿನಲ್ಲಿ ತೊಟ್ಟಿಲು ಹಾಕುವ ದಿನ. ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ದೊಡ್ಡಮ್ಮ, ನಿದ್ದೆಗೆಟ್ಟು ಅವರ ತುಟಿಯಂಚಿಗೆ ಎದ್ದ ಗುಳ್ಳೆ, ಹನ್ನೆರಡು ದಿನದ ಕೂಸು. ‘ದೊಡ್ಡಮ್ಮಾ, ಮುತ್ತು ಕೊಡಬೇಡಿ’ ಎಂದು ಬಾಣಂತಿ ಹೇಗೆ ಹೇಳಿಯಾಳು? ಸೊಸೆ ಹೇಳಿದರೆ ಒಂದು ಅರ್ಥ, ಮಗಳು ಹೇಳಿದರೆ ಇನ್ನೊಂದು ಅರ್ಥ. ಅದಕ್ಕೆ ನನ್ನ ಸಲಹೆ, ಆ ಮಾತನ್ನು ಕೂಸಿನ ಅಪ್ಪ ಹೇಳಲಿ, ಡಾಕ್ಟರ ಹೆಸರು ಹಾಕಿ ಹೇಳಲಿ. ‘ಡಾಕ್ಟ್ರು ತಿಂಗಳೆರಡು ಯಾರೂ ಮುಖಕ್ಕೆ ಮುತ್ತು ಕೊಡಬಾರದು ಅಂದಿದ್ದಾರೆ, ಕೈ ತೊಳೆದು ಎತ್ತಿಕೊಳ್ಳಿ’ ಎಂದರೆ ಯಾರಿಗೂ ಬೇಸರವಾಗದು. ಬೇಕಾದರೆ ಈ ಅಂಕಣವನ್ನೇ ಮನೆಯ ವಾಟ್ಸಾಪ್ ಗುಂಪಿಗೆ ಮುಂಚೆಯೇ ಹಾಕಿಬಿಡಿ. ಬೈಗುಳ ನನಗೆ ಬರಲಿ.

ಬಾಣಂತಿಗೇ ಗುಳ್ಳೆ ಎದ್ದರೆ? ಹಾಲು ಬಿಡಿಸಬೇಡಿ. ಕೈ ಸೋಪಿನಲ್ಲಿ ತೊಳೆದು, ಮಾಸ್ಕ್ ಹಾಕಿಕೊಂಡು ಹಾಲು ಕೊಡಲಿ, ಹಕ್ಕಳೆ ಉದುರುವವರೆಗೆ ಮುತ್ತು ಬೇಡ. ಮೊಲೆಯ ಮೇಲೆಯೇ ಗುಳ್ಳೆಯಿದ್ದರೆ ಮಾತ್ರ ಆ ಬದಿಯ ಹಾಲು ಕೊಡದೆ ಡಾಕ್ಟರನ್ನು ಕೇಳಬೇಕು. ಬಸುರಿಯಲ್ಲಿ ತುಟಿಗೆ ಎಂದಿನಂತೆ ಗುಳ್ಳೆ ಎದ್ದರೆ ಕೂಸಿಗೆ ತೊಂದರೆಯಿಲ್ಲ. ಜನನಾಂಗದಲ್ಲಿ ಗುಳ್ಳೆ ಎದ್ದರೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ ಮೊದಲ ಸಲ ಎದ್ದರೆ, ನಾಚಿಕೆ ಬಿಟ್ಟು ಹೆರಿಗೆ ಡಾಕ್ಟರಿಗೆ ಹೇಳಿ. ಎಳೆಗೂಸು ಹಾಲು ಕುಡಿಯುತ್ತಿಲ್ಲ, ಮಂಕಾಗಿದೆ, ಜ್ವರವಿದೆ ಅಥವಾ ಮೈ ತಣ್ಣಗಾಗಿದೆ, ಎಲ್ಲಾದರೂ ನೀರುಗುಳ್ಳೆಯಿದೆ, ಇವುಗಳಲ್ಲಿ ಒಂದಿದ್ದರೂ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ಯಾರಿಗೋ ತುಟಿ ಗುಳ್ಳೆ ಇತ್ತು ಎಂಬುದನ್ನು ಮರೆಯದೆ ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಎರಡನೆಯದು ಕಣ್ಣು. ಅದೇ ನರದ ಗಂಟಿನಿಂದ ಒಂದು ಕವಲು ಕಣ್ಣಿಗೂ ಹೋಗುತ್ತದೆ ಎಂದೆನಲ್ಲ. ಆ ದಾರಿ ಹಿಡಿದರೆ ವೈರಸ್ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಮರದ ಕೊಂಬೆಯಾಕಾರದ ಹುಣ್ಣು ಮಾಡುತ್ತದೆ. ಒಂದೇ ಕಣ್ಣು ಕೆಂಪಾಗಿ, ನೋವು, ನೀರು, ಬೆಳಕು ನೋಡಲಾಗದಿರುವುದು, ಮಸುಕು. ಮನೆಯಲ್ಲಿ ಯಾರದೋ ಆಪರೇಷನ್ನಿಗೆ ತಂದು ಉಳಿದ ಕಣ್ಣಿನ ಡ್ರಾಪ್ಸ್ ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹುಣ್ಣು ಆಳಕ್ಕಿಳಿದು ದೃಷ್ಟಿಯೇ ಹೋಗಬಹುದು. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಇನ್ನಷ್ಟು ಜೋಪಾನ.

ಮೂರನೆಯವರು ಎಕ್ಸಿಮಾ ಇರುವ ಮಕ್ಕಳು. ಒರಟೊರಟಾದ ಆ ಚರ್ಮಕ್ಕೆ ಹರ್ಪಿಸ್ ತಗಲಿದರೆ ಒಂದೆರಡು ದಿನದಲ್ಲಿ ಮೈಯೆಲ್ಲ ಗುಳ್ಳೆ ಹರಡಿ ಜ್ವರ ಬರುತ್ತದೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಕೀಮೋಥೆರಪಿ ಆಗುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು ತುಟಿ ಗುಳ್ಳೆ ಎದ್ದ ದಿನವೇ ತಮ್ಮ ಡಾಕ್ಟರಿಗೆ ತಿಳಿಸಬೇಕು. ಯಾರಿಗೇ ಆಗಲಿ ಜ್ವರದ ಜೊತೆ ಮಾತು ತಪ್ಪುವುದು, ನಡತೆ ಬದಲಾಗುವುದು, ಫಿಟ್ಸ್ ಕಂಡರೆ ಗುಳ್ಳೆ ಇದೆಯೋ ಇಲ್ಲವೋ ನೋಡುತ್ತ ಕೂರಬೇಡಿ. ಬಹಳ ಅಪರೂಪವಾಗಿ ಈ ವೈರಸ್ ಮಿದುಳಿಗೂ ಹೋಗುತ್ತದೆ, ಅಲ್ಲಿ ಗಂಟೆಗಳ ಲೆಕ್ಕ.

ಸರ್ಪಸುತ್ತಿನ ಮಾತು ಮಧ್ಯದಲ್ಲಿ ಬಂದು ಹೋಯಿತು. 50 ದಾಟಿದವರಿಗೆ ಅದಕ್ಕೆ ಲಸಿಕೆ ಇದೆ, ತೆಗೆದುಕೊಳ್ಳಬೇಕೇ ಎಂದು ಹೈದರಾಬಾದಿನಿಂದ ಇಬ್ಬರು ಕೇಳಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅದನ್ನು ನೋಡೋಣ.